ಬಾದಾಮಿಯಷ್ಟು ಅಂಜಿಕಿ

ಬ್ಯಾಡಗಿಯೊಳಗ ಅಳೂದಕ್ಕ ಕಾರಣ ಬೇಕಾಗೂದಿಲ್ಲ.
ಕೋಲ್ಡ್ ಸ್ಟೋರೇಜಿನ ಬಾಗಲಾ ತಗದ್ರ ಸಾಕು,
ಚೀಲದ ಬಾಯಿ ಬಿಚ್ಚಿದ್ರ ಸಾಕು.
ಮೂವತ್ತು ಹೆಂಗಸರು, ಅರವತ್ತು ಕಣ್ಣು,
ತೊಟ್ಟು ಮುರಿಯೂ ಸಪ್ಪಳ, ಸೀನು, ಮತ್ತ ಸೀನು.
ನಾನು ತೂಕ ಬರಿಯಾಂವ. ಹತ್ತೊಂಬತ್ತು ವರ್ಷದಿಂದ
ನನ್ನ ಪುಸ್ತಕದ ಹಾಳಿ ಒದ್ದಿ.
ಯಾರ ನೀರು ಅಂತ ಲೆಕ್ಕ ಇಟ್ಟಿಲ್ಲ.

ಮಾಬೂಬಿಯ ಮಗಳು ತೀರಿಕೊಂಡ ವಾರ
ನಾಕನೇ ದಿನಕ್ಕ ಬಂದು ಕುಂತ್ಲು.
"ಮನ್ಯಾಗ ಅತ್ರ ಎಲ್ಲಾರೂ ಸಮಾಧಾನ ಮಾಡಾಕ ಬರ್ತಾರ.
ಇಲ್ಲೇ ಚಲೋ, ಯಾರೂ ಕೇಳೂದಿಲ್ಲ" ಅಂದ್ಲು.
ಆ ದಿನ ಆಕಿ ಬಿಡಿಸಿದ್ದು ಇಪ್ಪತ್ತೆರಡು ಕಿಲೋ.
ಬರಕೊಂಡೆ.

ದೀಪಾವಳಿ ಆದ ಮ್ಯಾಲೆ ಹುಬ್ಬಳ್ಳಿಯಿಂದ ಯಂತ್ರ ಬಂತು.
ಎರಡು ಕೈ, ಒಂದು ಕ್ಯಾಮೆರಾ. ಮಾರಿ ಇಲ್ಲ.
ಡಬ್ಬಿ ಯಾವುದು, ಕಡ್ಡಿ ಯಾವುದು, ಬಿಳಿ ಮಚ್ಚಿ ಬಿದ್ದದ್ದು ಯಾವುದು,
ರೆಪ್ಪಿ ಪಿಳುಕಿಸದ ಆರಿಸತಿತ್ತು.
ಘಾಟು ಏರಲಿಲ್ಲ ಅದಕ. ಸೀನಲಿಲ್ಲ.
"ಪುಣ್ಯಾ ಮಾಡೈತಿ" ಅಂದ್ಲು ಕಲ್ಲವ್ವ.

ಜೋಡಿ ಬಂದಿದ್ದ ಹುಡುಗಿ ವಿಜೇತಾ ಕಮ್ಮಾರ
(ಅವರಪ್ಪ ಗದಗದಾಗ ಕುಡಗೋಲು ಬಡೀತಿದ್ನಂತ)
ಚಾ ಕುಡಕೋತ ಹೇಳಿದ್ಲು:
ಮನಶ್ಯಾನ ಮಿದುಳಿನ್ಯಾಗ, ಕಿವಿಯ ಮಟ್ಟಕ್ಕ, ಒಳಗ,
ಬಾದಾಮಿ ಬೀಜದಷ್ಟು ಒಂದು ಗಂಟು ಐತಿ.
ಅಂಜಿಕಿ ಅಲ್ಲೇ ಏಳತೈತಿ, ಅಲ್ಲೇ ನೆನಪು ಇಡತೈತಿ.
ಅದರ ನಕಲು ಇದರಾಗ ಹಾಕೇವಿ, ಬರೇ ಅಂಕಿಯಿಂದ,
ಯಾರಿಗೂ ಪೆಟ್ಟು ಆಗಬಾರದು ಅಂತ.
"ಬಾದಾಮಿ ನೋಡೇನಿ ನಾ, ಬಸ್ಸಿನ್ಯಾಗ ಹೋಗಿ" ಅಂದ್ಲು ಕಲ್ಲವ್ವ,
"ಅದೂ ಗುಡ್ಡದ ಒಳಗ ಕೊರದು ಮಾಡಿದ್ದು."
ಹುಡುಗಿ ನಕ್ಕಳು. ಆಮ್ಯಾಲೆ ಯಾಕೋ ನಗು ನಿಲ್ಲಿಸಿದ್ಲು.

ಒಂದು ಗುರುವಾರ, ಕರೆಂಟು ಹೋಗಿ ಬರೂ ಹೊತ್ತಿನ್ಯಾಗ,
ಬಿದ್ದ ತೊಟ್ಟು ಬಳಿಯಾಕ ಕಲ್ಲವ್ವ ಪಟ್ಟಿ ಮ್ಯಾಲೆ ಕೈ ಚಾಚಿದ್ಲು.
ಕಬ್ಬಿಣದ ಕೈ ಇಳೀತು. ಬಳಿ ಒಡೀತು. ಕೈ ಉಳೀತು.
ಅವತ್ತಿನಿಂದ ಆ ಜಾಗಕ್ಕ ಬಂದ್ರ
ಅದು ತಡೀತಿತ್ತು. ಅರ್ಧ ಉಸರಿನಷ್ಟು.
ಯಾರೂ ಇರದಿದ್ರೂ. ರಾತ್ರಿ ಪಾಳೇದಾಗ ನಾನೊಬ್ಬಾಂವ ಇದ್ದಾಗೂ
ಮೋಟರಿನ ಸಪ್ಪಳ ಸಣ್ಣಗ ಮಾಡಿ
ಹೊಸಲಿ ದಾಟಿದಂಗ ದಾಟತಿತ್ತು.

ಇದು ಅಂಜಿಕಿ ಹೌದೋ, ಅಲ್ಲೋ?
"ಅಂಜಿದಂಗ ಮಾಡತೈತಿ, ಕಾಕಾ.
ಒಳಗ ಏನಾಗತೈತೋ ನನಗ ಗೊತ್ತಿಲ್ಲ.
ನಿಮ್ಮ ಒಳಗಿಂದೂ ಗೊತ್ತಿಲ್ಲಲ್ಲ?"
ಒದ್ದಿ ಹಾಳಿ ತಿರುವಿದೆ.
ಮೋಟೆಬೆನ್ನೂರು ದಾಟಿದ ಮ್ಯಾಲೆ ಒಂದು ತಿರುವು ಐತಿ,
ಅಲ್ಲಿ ನಾ ಗಾಡಿ ನಿಧಾನ ಮಾಡತೀನಿ. ರಸ್ತಾ ಖಾಲಿ ಇದ್ರೂ.
ಹಿಂದ ಕುಂತ ಹೆಂಡತಿ ಯಾಕಂತ ಕೇಳೂದಿಲ್ಲ,
ನನ್ನ ಭುಜ ಹಿಡೀತಾಳ, ಬಿಡತಾಳ.

ಸಾವಕಾರರು ಲೆಕ್ಕಾ ತಗದ್ರು: ದಿನಕ್ಕ ಹನ್ನೊಂದು ಚೀಲ ಕಡಿಮಿ.
"ಆ ಅಂಜಿಕಿ ಒಂದು ತಗೀರಿ."
ಹುಡುಗಿ ಕಂಪ್ಯೂಟರ್ ಬಿಚ್ಚಿದ್ಲು. ಕೀಲಿ ಒತ್ತೂ ಮುಂಚೆ
ಮಾಬೂಬಿ ಎದ್ದು ಬಂದು ಕೇಳಿದ್ಲು:
"ತಗದದ್ದು ಎಲ್ಲಿ ಹೋಗತೈತಿ, ಬೇಟಿ?"
"ಎಲ್ಲೂ ಇಲ್ಲ. ಅಳಸಿ ಹೋಗತೈತಿ. ಎರಡು ನಿಮಿಷ."
"ಎರಡು ನಿಮಿಷಕ್ಕ?"
"ಹೂಂ."
ಮಾಬೂಬಿ ಸೆರಗಿನಿಂದ ಕಣ್ಣು ಒರಸಿಕೊಂಡ್ಲು.
ಯಾಕಂತ ನಾ ಕೇಳಲಿಲ್ಲ. ಇಲ್ಲಿ ಕೇಳೂ ರೂಢಿ ಇಲ್ಲ.

ಈಗ ಕೈ ನೆಟ್ಟಗ ಹೋಗತೈತಿ, ನೆಟ್ಟಗ ಬರತೈತಿ.
ಹನ್ನೊಂದು ಚೀಲ ತಿರಗಿ ಬಂದಾವ.
ಆದರ ಆ ಜಾಗಕ್ಕ ಅದು ಬರೂ ಹೊತ್ತಿಗೆ
ಮೂವತ್ತು ಮಂದಿ ಬಟ್ಟಿನ ನಡುವಿನ ತೊಟ್ಟು
ಮುರಿಯದ ನಿಂದರತೈತಿ, ಅರ್ಧ ಉಸರು.
ನನ್ನ ಪೆನ್ನೂ.
ಹಂಗಾಗಿ ದಿನಾ ಒಂದು ಹಿಡಿ ಮೆಣಸಿನಕಾಯಿ
ಯಾರ ಲೆಕ್ಕಕ್ಕೂ ಬರೂದಿಲ್ಲ.